ಬಿಗಿಯುವುದಕ್ಕಿಂತ ಅಳೆಯುವುದೇ ಜಾಸ್ತಿ

ಇಂಜಿನ್ ಕಟ್ಟುತ್ತಿದ್ದೇವೆ ಅಂದ ಕೂಡಲೇ ಜನ ನಮ್ಮನ್ನು ಕೈಯಲ್ಲಿ ಪಾನಾ ಹಿಡಿದುಕೊಂಡು, ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಬೋಲ್ಟು ಬಿಗಿಯುತ್ತಾ ಕೂತವರು ಅಂತ ಊಹಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಬೋಲ್ಟು ಬಿಗಿಯುವ ಕೆಲಸ ಇರುವುದು ತೀರಾ ಕಡಿಮೆ. ಎಲ್ಲ ಸೇರಿಸಿದರೂ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಿಕ್ಕಿದ್ದೆಲ್ಲ ತೊಳೆಯುವುದು, ಅಳೆಯುವುದು, ಬರೆದಿಡುವುದು, ಮತ್ತೆ ಅಳೆಯುವುದು, ಎರಡನೇ ಸಲದ ಅಳತೆ ಯಾಕೆ ಬೇರೆ ಬಂತು ಅಂತ ಜಗಳ ಆಡುವುದು. ನಮ್ಮಲ್ಲಿ ಜಗಳದ ಪಾಲು ಸ್ವಲ್ಪ ಜಾಸ್ತಿಯೇ ಇತ್ತು.

ನಾವು ಮೂವರು. ನಾನು, ಗುಂಡ, ಮೇಷ್ಟ್ರು. ಮೇಷ್ಟ್ರು ಅನ್ನುವುದು ನಾವು ಇಟ್ಟ ಹೆಸರಾದರೂ ಅವರು ನಿಜವಾಗಿಯೂ ಗಣಿತ ಪಾಠ ಮಾಡುವವರು. ನಮಗಿಂತ ವಯಸ್ಸಿನಲ್ಲಿ ದೊಡ್ಡವರು. "ಸುಮಾರು" ಅನ್ನುವ ಮಾತು ಅವರಿಗೆ ಆಗಿಬರುವುದಿಲ್ಲ. ಗುಂಡ ಇದಕ್ಕೆ ಪೂರ್ತಿ ಉಲ್ಟಾ. ಅವನದು ಕೈ ಮತ್ತು ಕಿವಿ. ಸದ್ದು ಕೇಳಿಯೇ ಯಾವ ಸಿಲಿಂಡರ್ ಸರಿಯಿಲ್ಲ ಅನ್ನುತ್ತಾನೆ, ಬಹಳ ಸಲ ಅದು ಸರಿಯೂ ಇರುತ್ತದೆ. ವೆಲ್ಡಿಂಗ್ ಅವನದೇ, ರೇಸಿನಲ್ಲಿ ಹೆಚ್ಚು ಓಡಿಸುವವನೂ ಅವನೇ. ಇವರಿಬ್ಬರ ನಡುವೆ ನೋಟ್‌ಬುಕ್ ಹಿಡಿದುಕೊಂಡು ಕೂರುವ ಕೆಲಸ ನನ್ನದು.

ಗಾಡಿ ಹಳೆಯ ಸುಜುಕಿ ಕಾರು. ಅದರಲ್ಲಿರುವುದು ಜಿ13 ಇಂಜಿನ್. ನಾಲ್ಕು ಸಿಲಿಂಡರ್, 16 ವಾಲ್ವ್, ಅವನ್ನು ತೆರೆಯಲು ಒಂದೇ ಕ್ಯಾಮ್ ಶಾಫ್ಟ್. ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿ.ಮೀ., ಒಟ್ಟು 1298 ಸಿಸಿ. ಸಿಲಿಂಡರುಗಳಿರುವ ಬ್ಲಾಕ್ ಅಲ್ಯೂಮಿನಿಯಂ, ಸಿಲಿಂಡರಿನ ಒಳಗೋಡೆಗೆ ಎರಕದ ಕಬ್ಬಿಣದ ಲೈನರ್. ಇಬ್ಬರು ಸೇರಿ ಬರೀ ಬ್ಲಾಕನ್ನು ಆರಾಮಾಗಿ ಎತ್ತಿ ಟೇಬಲ್ ಮೇಲೆ ಇಡಬಹುದು. ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಇಂಜಿನ್ ಕಡಿಮೆ ಅಂತ ನನ್ನ ಅಭಿಪ್ರಾಯ. ಎಲ್ಲವೂ ಕೈಗೆ ಸಿಗುತ್ತದೆ, ಕಣ್ಣಿಗೂ ಕಾಣುತ್ತದೆ.

ಇಂಜಿನ್ ಇಳಿಸುವ ಹಾಗಾಗಿದ್ದು ಆಯಿಲ್ ಪ್ರೆಶರ್ ಇಳಿದರೆ ಹತ್ತುವ ಎಚ್ಚರಿಕೆಯ ಲ್ಯಾಂಪ್‌ನಿಂದ. ಒಂದು ಉದ್ದನೆಯ ತಿರುವಿನಲ್ಲಿ ಅದು ಮಿಣುಕ್ಕೆಂದು ಹತ್ತಿ ಆರುತ್ತಿತ್ತು. ಪ್ರತಿ ಲ್ಯಾಪಿನಲ್ಲೂ ಅದೇ ತಿರುವು, ಅದೇ ಜಾಗ. ಗುಂಡ ಪಿಟ್ಟಿಗೆ ಬಂದು ಹೇಳಿದ. ಜೊತೆಗೆ, "ಸದ್ದು ಚೆನ್ನಾಗೇ ಇದೆ ಕಣೋ, ಇನ್ನೊಂದು ರೇಸ್ ಓಡಿಸಬಹುದು" ಅಂತಲೂ ಸೇರಿಸಿದ.

ಅದು ಯಾಕೆ ಅಪಾಯ ಅಂತ ಸ್ವಲ್ಪ ಹೇಳಬೇಕು. ಒಳ್ಳೆ ಟೈರ್ ಇರುವ ಗಾಡಿ ತಿರುವಿನಲ್ಲಿ ಜೋರಾಗಿ ಹೋಗುವಾಗ ಪಕ್ಕಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ಗಾಡಿಯ ತೂಕದಷ್ಟೇ ಆಗುತ್ತದೆ. ಆಗ ಸಂಪಿನೊಳಗಿನ (ಇಂಜಿನ್ನಿನ ತಳದ ತಟ್ಟೆಯೊಳಗಿನ) ಆಯಿಲ್ 45 ಡಿಗ್ರಿ ವಾಲಿ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ. ತಿರುವು ಚಿಕ್ಕದಾದರೆ ಪರವಾಗಿಲ್ಲ. ಉದ್ದ ಇದ್ದರೆ ಆಯಿಲ್ ಅಲ್ಲೇ ನಿಂತುಬಿಡುತ್ತದೆ, ಪಂಪಿನ ಬಾಯಿ ಗಾಳಿ ಕುಡಿಯುತ್ತದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗನ್ನು ಮುಟ್ಟಿಕೊಂಡು ತಿರುಗುವುದಲ್ಲ. ಎರಡರ ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರ ಇರುತ್ತದೆ, ಭಾರ ಹೊರುವುದು ಅದೇ. 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 7000 ಸುತ್ತಿನಲ್ಲಿ) ಅರ್ಧ ಸೆಕೆಂಡು ಆಯಿಲ್ ಬರಲಿಲ್ಲ ಅಂದರೆ ಕ್ರ್ಯಾಂಕ್ ಅಷ್ಟರಲ್ಲಿ 58 ಸುತ್ತು ಹಾಕಿರುತ್ತದೆ. ಲ್ಯಾಂಪ್ ಹತ್ತಿದ್ದು ಕಣ್ಣಿಗೆ ಕಂಡಿತು ಅನ್ನುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ.

ಮೇಷ್ಟ್ರು ವಾದ ಮಾಡಲಿಲ್ಲ. ಆಯಿಲ್ ಫಿಲ್ಟರ್ ಬಿಚ್ಚಿಸಿ, ಅದರ ಡಬ್ಬಿಯನ್ನು ಸುತ್ತಲೂ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಇಟ್ಟರು. ಮಡಿಕೆಯೊಳಗೆ ಮಿಂಚುವ ಪುಡಿ. ಅದರಲ್ಲಿ ಕೆಲವು ಚೂರು ತಾಮ್ರದ ಬಣ್ಣದವು. ಗುಂಡ ಸುಮ್ಮನೆ ಹೋಗಿ ಇಂಜಿನ್ ಎತ್ತುವ ಚೈನ್ ಬ್ಲಾಕ್ ತಂದ.

ಬಿಚ್ಚುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಯಾವುದು ಎಲ್ಲಿತ್ತು ಅಂತ ನೆನಪಿಡುವುದರಲ್ಲಿ. ಪ್ರತಿ ಬೋಲ್ಟಿಗೂ ಚೀಲ, ಚೀಲಕ್ಕೊಂದು ಚೀಟಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಮೇನ್ ಬೇರಿಂಗ್ ಕ್ಯಾಪ್‌ಗಳು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳು ಮಾತ್ರ ಯಾವ ಕಾರಣಕ್ಕೂ ಅದಲು ಬದಲಾಗಬಾರದು. ಕ್ಯಾಪ್ ಹಾಕಿ ಬಿಗಿದ ಮೇಲೆ ಎರಡನ್ನೂ ಸೇರಿಸಿಯೇ ಕ್ರ್ಯಾಂಕ್ ಕೂರುವ ತೂತನ್ನು ಕೊರೆದಿರುತ್ತಾರೆ. ಮೂರನೇ ರಾಡಿನ ಕ್ಯಾಪನ್ನು ಎರಡನೇದಕ್ಕೆ ಹಾಕಿದರೆ ಕೂರುತ್ತದೆ, ಆದರೆ ತೂತು ದುಂಡಗಿರುವುದಿಲ್ಲ. ಅದಕ್ಕೇ ಬಿಚ್ಚುವ ಮೊದಲೇ ರಾಡಿಗೂ ಕ್ಯಾಪಿಗೂ ಒಂದೇ ಪಕ್ಕದಲ್ಲಿ ನಂಬರ್ ಗುರುತು ಹಾಕಿದೆವು.

ಮೂರನೇ ರಾಡಿನ ಬೇರಿಂಗ್ ಶೆಲ್ (ಅರ್ಧ ಬಳೆಯಂಥ ಚಿಪ್ಪು) ಕೈಗೆ ಬಂದಾಗ ಫಿಲ್ಟರಿನ ತಾಮ್ರ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಮೇಲಿನ ಬೂದು ಪದರ ಸವೆದು, ಕೆಳಗಿನ ತಾಮ್ರ ಬಣ್ಣ ಅಗಲವಾಗಿ ಕಾಣುತ್ತಿತ್ತು. ಪುಣ್ಯಕ್ಕೆ ಕ್ರ್ಯಾಂಕಿಗೆ ಏನೂ ಆಗಿರಲಿಲ್ಲ. ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗವಾದ ಜರ್ನಲ್ ಮೇಲೆ ಉಗುರು ಓಡಿಸಿ ನೋಡಿದೆವು. ಉಗುರಿಗೆ ಸಿಗುವ ಗೀರು ಇದ್ದರೆ ಗ್ರೈಂಡಿಂಗ್ ಮಾಡಿಸಲೇಬೇಕು, ಆಮೇಲೆ ಅಂಡರ್‌ಸೈಜ್ ಶೆಲ್ ಹುಡುಕಬೇಕು. ಇಲ್ಲಿ ಉಗುರು ನುಣ್ಣಗೆ ಜಾರಿತು. ಪಾಲಿಶ್ ಸಾಕು ಅಂತಾಯಿತು.

ಸಿಲಿಂಡರುಗಳ ಕಥೆ ಬೇರೆ. ಬೋರ್ ಗೇಜ್ ಇಟ್ಟು ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಂದಕ್ಕೆ ಆರು ಅಂದರೆ ನಾಲ್ಕಕ್ಕೆ ಇಪ್ಪತ್ತನಾಲ್ಕು. ಸವೆತ ಯಾವಾಗಲೂ ಮೇಲ್ಗಡೆ ಜಾಸ್ತಿ, ಯಾಕೆಂದರೆ ಉರಿಯುವ ಗ್ಯಾಸಿನ ಒತ್ತಡ ಅಲ್ಲೇ ಜೋರು, ಆಯಿಲ್ ಅಲ್ಲೇ ಕಡಿಮೆ. ನಮ್ಮದು ಸುಮ್ಮನೆ ಹೋನ್ ಮಾಡಿ (ಕಲ್ಲಿನಿಂದ ಒಳಗೋಡೆ ಉಜ್ಜಿ) ಪಿಸ್ಟನ್ ಸುತ್ತಲಿನ ರಿಂಗ್ ಹೊಸದು ಹಾಕುವ ಮಟ್ಟ ದಾಟಿತ್ತು. 0.5 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕುವುದು ಅಂತ ತೀರ್ಮಾನ ಮಾಡಿದೆವು. ಬೋರ್ 74.5 ಆದರೆ ಇಂಜಿನ್ 1316 ಸಿಸಿ ಆಗುತ್ತದೆ. ಅಂದರೆ 18 ಸಿಸಿ ಪುಕ್ಕಟೆ. ಗುಂಡನಿಗೆ ಅದೇ ದೊಡ್ಡ ಸಂಭ್ರಮ. ಅದರಿಂದ ಎಷ್ಟು ಶಕ್ತಿ ಬರುತ್ತದೆ ಅಂತ ಮೇಷ್ಟ್ರು ಲೆಕ್ಕ ಹಾಕಿ ಹೇಳಿದ ಮೇಲೆ ಸಂಭ್ರಮ ಸ್ವಲ್ಪ ಇಳಿಯಿತು. ನೂರಕ್ಕೆ ಒಂದೂವರೆ ಕೂಡ ಇಲ್ಲ.

ಬೋರ್ ಮಾಡುವುದು, ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡುವುದು, ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಬ್ಲಾಕನ್ನು ಮಷೀನ್ ಶಾಪಿಗೆ ಕೊಟ್ಟೆವು. ಮೇಷ್ಟ್ರ ಷರತ್ತು ಎರಡೇ. ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಆ ಪಿಸ್ಟನ್ನಿಗೆ ತಕ್ಕ ಹಾಗೆ ಬೋರ್ ಆಗಬೇಕು. ಇನ್ನೊಂದು, ಹೋನ್ ಮಾಡುವಾಗ ಬ್ಲಾಕಿನ ಮೇಲೆ ಟಾರ್ಕ್ ಪ್ಲೇಟ್ ಬಿಗಿದಿರಬೇಕು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಬೋಲ್ಟ್ ಬಿಗಿದಾಗ ಅಲ್ಯೂಮಿನಿಯಂ ಬ್ಲಾಕ್ ಸ್ವಲ್ಪ ಎಳೆದುಕೊಳ್ಳುತ್ತದೆ, ಸಿಲಿಂಡರಿನ ದುಂಡು ಕೆಡುತ್ತದೆ. ದಪ್ಪ ಪ್ಲೇಟನ್ನು ಹೆಡ್ ಬಿಗಿದಷ್ಟೇ ಬಿಗಿಯಾಗಿ ಕಟ್ಟಿ ಹೋನ್ ಮಾಡಿದರೆ ನಿಜವಾದ ಹೆಡ್ ಕೂತ ಮೇಲೆ ತೂತು ದುಂಡಗೆ ಉಳಿಯುತ್ತದೆ.

ಬ್ಲಾಕ್ ವಾಪಸ್ ಬಂತು. ಒಳಗೆ ನೋಡಲು ಬಲು ಚಂದ. ಹೋನಿಂಗ್ ಕಲ್ಲಿನ ಗೀರುಗಳು ಒಂದರ ಮೇಲೊಂದು ಅಡ್ಡಡ್ಡ ಹಾದು ಸಣ್ಣ ಸಣ್ಣ ವಜ್ರಾಕಾರದ ಮನೆಗಳಾಗಿದ್ದವು. ಆಯಿಲ್ ನಿಲ್ಲುವುದು ಆ ಗೀರುಗಳಲ್ಲೇ.

ಇಲ್ಲಿ ತೊಳೆಯುವ ಪುರಾಣ ಶುರು. ಹೋನ್ ಮಾಡಿದ ಸಿಲಿಂಡರಿನಲ್ಲಿ ಕಲ್ಲಿನ ಪುಡಿ ಗೀರುಗಳೊಳಗೆ ಕೂತಿರುತ್ತದೆ. ಪೆಟ್ರೋಲಿನಲ್ಲೋ ಡೀಸೆಲಿನಲ್ಲೋ ತೊಳೆದರೆ ಗ್ರೀಸ್ ಹೋಗುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಅದನ್ನು ಎತ್ತಿ ಹೊರಗೆ ತರುವುದು ಬಿಸಿ ನೀರು, ಸೋಪು, ಗಟ್ಟಿ ಬ್ರಶ್. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಇಷ್ಟೆಲ್ಲ ನುಣುಪು ಮಾಡಿಸಿದ ಕಬ್ಬಿಣಕ್ಕೆ ನೀರು ಹಾಕುವುದಾ ಅಂತ ಗಾಬರಿ ಬೀಳುತ್ತಾರೆ. ಹಾಕಬೇಕು, ಉಜ್ಜಬೇಕು, ತಕ್ಷಣ ಒಣಗಿಸಿ ಆಯಿಲ್ ಸವರಬೇಕು. ತಡ ಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಆಮೇಲೆ ಬಿಳಿ ಬಟ್ಟೆಗೆ ತೆಳು ಆಯಿಲ್ ಹಾಕಿ ಸಿಲಿಂಡರ್ ಒರೆಸಿ ನೋಡಬೇಕು. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೂ ಪುಡಿ ಇದೆ ಅಂತ ಅರ್ಥ. ಮತ್ತೆ ನೀರು, ಮತ್ತೆ ಸೋಪು.

ಗುಂಡನಿಗೆ ಸಾಕುಸಾಕಾಯಿತು. "ಇಷ್ಟು ಸಾಕು ಬಿಡಿ ಮೇಷ್ಟ್ರೇ, ಬಟ್ಟೆ ಬೆಳ್ಳಗೇ ಇದೆ" ಅಂದ.

ಮೇಷ್ಟ್ರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಬೆಳ್ಳಗಾ? ಉಜ್ಜು."

ಕ್ರ್ಯಾಂಕ್ ಒಳಗಿನ ಆಯಿಲ್ ದಾರಿಗಳಿಗೂ ಇದೇ ಶಿಕ್ಷೆ. ಉದ್ದನೆಯ ಸಣ್ಣ ಬ್ರಶ್ ತೂರಿಸಿ, ಗಾಳಿ ಹೊಡೆದು, ಮತ್ತೆ ತೂರಿಸಿ. ಮೂರನೇ ಬೇರಿಂಗಿನಿಂದ ಹೋದ ಲೋಹದ ಪುಡಿ ಎಲ್ಲೋ ಒಂದು ಮೂಲೆಯಲ್ಲಿ ಕೂತಿದ್ದು, ಹೊಸ ಬೇರಿಂಗಿಗೆ ಮೊದಲ ದಿನವೇ ಬಂದು ಸೇರಿದರೆ ಮಾಡಿದ್ದೆಲ್ಲ ದಂಡ. ಆಯಿಲ್ ತಣಿಸುವ ಕೂಲರ್ ಒಂದಿತ್ತು, ಅದನ್ನು ಮಾತ್ರ ತೊಳೆಯುವ ಗೋಜಿಗೇ ಹೋಗಲಿಲ್ಲ. ಅದರೊಳಗಿನ ಸಂದುಗಳಿಗೆ ಬ್ರಶ್ ಹೋಗುವುದಿಲ್ಲ. ಎಸೆದು ಹೊಸದು ತಂದೆವು.

ಈಗ ಆ ದೊಡ್ಡ ಜಗಳಕ್ಕೆ ಬರುತ್ತೇನೆ.

ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರಬೇಕಾದ ಜಾಗ ನಮ್ಮ ಪಿಸ್ಟನ್ನಿಗೆ 0.04 ಮಿ.ಮೀ. ಪಿಸ್ಟನ್ ಪೂರ್ತಿ ದುಂಡಗೂ ಇರುವುದಿಲ್ಲ, ಮೇಲಿಂದ ಕೆಳಗೆ ಒಂದೇ ಅಳತೆಯೂ ಇರುವುದಿಲ್ಲ. ಬಿಸಿಯಾದಾಗ ದುಂಡಗಾಗಲಿ ಅಂತ ತಣ್ಣಗಿರುವಾಗ ಬೇಕೆಂದೇ ಸ್ವಲ್ಪ ಅಂಡಾಕಾರ ಮಾಡಿರುತ್ತಾರೆ. ಅದಕ್ಕೇ ಅಳೆಯುವುದು ಸ್ಕರ್ಟಿನಲ್ಲಿ (ಪಿಸ್ಟನ್ನಿನ ಕೆಳಭಾಗದಲ್ಲಿ), ರಾಡನ್ನು ಹಿಡಿಯುವ ಪಿನ್ನಿಗೆ ಅಡ್ಡಲಾಗಿ, ತಯಾರಿಸಿದವರು ಹೇಳಿದ ಎತ್ತರದಲ್ಲಿ. ಮೇಷ್ಟ್ರು ನಾಲ್ಕೂ ಪಿಸ್ಟನ್ ಅಳೆದು ಹೇಳಿದರು, ನಾನು ಬರೆದುಕೊಂಡೆ. ನಮ್ಮ ನಿಯಮದ ಪ್ರಕಾರ ಇನ್ನೊಬ್ಬ ಹಿಂದಿನ ಅಂಕಿ ನೋಡದೆ ಮತ್ತೆ ಅಳೆಯಬೇಕು. ಗುಂಡ ಮಧ್ಯಾಹ್ನ ಅಳೆದ. ಮೂರು ಪಿಸ್ಟನ್ ಸರಿಬಂತು. ನಾಲ್ಕನೇದು ಹೆಚ್ಚುಕಡಿಮೆ 0.02 ಮಿ.ಮೀ. ದಪ್ಪ ಬಂತು.

0.02 ಅಂದರೆ ಏನು ಮಹಾ ಅನ್ನಿಸಬಹುದು. ಇರಬೇಕಾದ ಜಾಗವೇ 0.04 ಇರುವಾಗ ಅದು ಅರ್ಧ ಆಯಿತು. ಆ ಪಿಸ್ಟನ್ ಬಿಸಿಯಾಗಿ ಹಿಗ್ಗಿದಾಗ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವ ಸಾಧ್ಯತೆ ಇದೆ.

"ನಿನಗೆ ಮೈಕ್ರೊಮೀಟರ್ ಹಿಡಿಯಕ್ಕೆ ಬರಲ್ಲ" ಅಂದರು ಮೇಷ್ಟ್ರು.

"ನಿಮ್ ಕನ್ನಡಕ ಬದಲಾಯಿಸಿ" ಅಂದ ಗುಂಡ.

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಮತ್ತೆ ಅಳೆದರು. ಈ ಸಲ ಮೇಷ್ಟ್ರಿಗೂ ದಪ್ಪವೇ ಬಂತು! ಬೆಳಗ್ಗೆ ಅವರೇ ಅಳೆದ ಪಿಸ್ಟನ್, ಅದೇ ಮೈಕ್ರೊಮೀಟರ್. ಮೇಷ್ಟ್ರು ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಪಿಸ್ಟನ್ನನ್ನು ಕೆನ್ನೆಗೆ ಒತ್ತಿಕೊಂಡರು. ಬೆಚ್ಚಗಿತ್ತು. ನಾಲ್ಕು ಪಿಸ್ಟನ್ನುಗಳನ್ನು ಸಾಲಾಗಿ ಇಟ್ಟಿದ್ದ ಟೇಬಲ್ಲಿನ ಒಂದು ತುದಿಗೆ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಆ ತುದಿಯಲ್ಲಿದ್ದದ್ದು ನಾಲ್ಕನೇದು.

ಆಮೇಲೆ ಲೆಕ್ಕ ಬಂತು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 20ರಿಂದ 23 ಪಾಲು ಹಿಗ್ಗುತ್ತದೆ. ಕಬ್ಬಿಣ, ಸ್ಟೀಲ್ ಅದರ ಅರ್ಧದಷ್ಟು. 74 ಮಿ.ಮೀ. ದಪ್ಪದ ಪಿಸ್ಟನ್ ಹತ್ತು ಡಿಗ್ರಿ ಬೆಚ್ಚಗಾದರೆ ಸುಮಾರು 0.016 ಮಿ.ಮೀ. ಬೆಳೆಯುತ್ತದೆ. ಇನ್ನೆರಡು ಡಿಗ್ರಿ ಸೇರಿಸಿ, ಗುಂಡನ ಅಂಕಿ ಬಂತು. ಇಬ್ಬರೂ ಸರಿಯಾಗೇ ಅಳೆದಿದ್ದರು. ಕಾರ್ಖಾನೆಗಳಲ್ಲಿ ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಅಂತ ಒಂದು ಪ್ರಮಾಣ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ. ಅಂದಿನಿಂದ ನಮ್ಮಲ್ಲಿ ಪಿಸ್ಟನ್, ಬ್ಲಾಕ್, ಮೈಕ್ರೊಮೀಟರ್ ಮೂರೂ ರಾತ್ರಿಯಿಡೀ ಒಂದೇ ಕಡೆ ಇರುತ್ತವೆ. ಅಳತೆ ಬೆಳಗ್ಗೆ ಮಾತ್ರ. ಮೈಕ್ರೊಮೀಟರನ್ನು ಕೈಯಲ್ಲಿ ಹಿಡಿದುಕೊಂಡು ಹರಟೆ ಹೊಡೆಯುವ ಹಾಗಿಲ್ಲ, ಕೈ ಬಿಸಿಯೂ ಲೆಕ್ಕಕ್ಕೆ ಬರುತ್ತದೆ.

ನನಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಈ ಜಗಳವೇ. ಒಬ್ಬನೇ ಕೂತು ಇಂಜಿನ್ ಕಟ್ಟುವವರಿದ್ದಾರೆ, ನನಗಿಂತ ನೂರು ಪಟ್ಟು ಚೆನ್ನಾಗಿಯೂ ಕಟ್ಟುತ್ತಾರೆ. ಆದರೆ ಒಬ್ಬನೇ ಅಳೆದರೆ ಬರುವುದು ಒಂದೇ ಅಂಕಿ, ಅದನ್ನು ಸುಳ್ಳು ಅನ್ನುವವರು ಯಾರೂ ಇರುವುದಿಲ್ಲ ಅಲ್ವಾ? ಸ್ನೇಹಿತರು ಇದ್ದರೆ ಕೆಲಸ ಹಗುರ ಆಗುತ್ತದೆ ಅನ್ನುವುದು ಬೊಗಳೆ. ಕೆಲಸ ಎರಡರಷ್ಟಾಗುತ್ತದೆ. ನಂಬಿಕೆ ಇಲ್ಲದ ಒಬ್ಬ ಪಕ್ಕದಲ್ಲಿ ನಿಂತಿರುತ್ತಾನೆ, ಉಪಯೋಗ ಇರುವುದು ಅದರಲ್ಲೇ.

ರಿಂಗುಗಳಿಗೆ ಒಂದು ಇಡೀ ಸಂಜೆ ಹೋಯಿತು. ರಿಂಗನ್ನು ಬರೀ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಒತ್ತಿ ನೇರ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಂದಿ ಕಡಿಮೆ ಇದ್ದರೆ, ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ತಾಗಿ, ಹೋಗಲು ಜಾಗವಿಲ್ಲದೆ ಸಿಲಿಂಡರನ್ನು ಕೆರೆಯುತ್ತದೆ ಅಥವಾ ಪಿಸ್ಟನ್ನಿನ ಅಂಚನ್ನೇ ಮುರಿಯುತ್ತದೆ. ಸಾಮಾನ್ಯ ಗಾಡಿಗೆ ಹಳೆಯ ಲೆಕ್ಕ, ಬೋರಿನ ಒಂದು ಇಂಚಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. ನಮ್ಮ 74.5ಕ್ಕೆ ಅದು 0.30 ಮಿ.ಮೀ. ಬರುತ್ತದೆ. ರೇಸಿನಲ್ಲಿ ಬಿಸಿ ಜಾಸ್ತಿ, ಹಾಗಾಗಿ ಮೇಲಿನ ರಿಂಗಿಗೆ 0.35, ಎರಡನೇದಕ್ಕೆ 0.40 ಇಟ್ಟೆವು. ಎರಡನೇದಕ್ಕೆ ಯಾಕೆ ಹೆಚ್ಚು ಅಂದರೆ, ಮೇಲಿನ ರಿಂಗ್ ದಾಟಿ ಬಂದ ಗ್ಯಾಸ್ ನಡುವೆ ಸಿಕ್ಕಿಕೊಂಡು ಮೇಲಿನ ರಿಂಗನ್ನು ಕೆಳಗಿಂದ ಎತ್ತಬಾರದು, ಜಾರಿ ಹೋಗಲಿ ಅಂತ. ಸಂದಿ ದೊಡ್ಡದು ಮಾಡಲು ರಿಂಗಿನ ತುದಿಗೆ ಫೈಲ್ (ಅರ) ಉಜ್ಜುವುದು ಹೊರಗಿನಿಂದ ಒಳಕ್ಕೆ ಒಂದೇ ದಿಕ್ಕಿನಲ್ಲಿ, ಇಲ್ಲದಿದ್ದರೆ ರಿಂಗಿನ ಮೇಲ್ಪದರ ಎದ್ದುಬರುತ್ತದೆ. ಎರಡು ಸಲ ಉಜ್ಜು, ಅಳೆ. ಮತ್ತೆರಡು ಸಲ ಉಜ್ಜು, ಅಳೆ. ಉಜ್ಜಿ ಜಾಸ್ತಿಯಾದರೆ ವಾಪಸ್ ಸೇರಿಸಲು ಬರುವುದಿಲ್ಲ. ಈ ಕೆಲಸದಲ್ಲಿ ಗುಂಡನ ಕೈಯಷ್ಟು ಹದ ಯಾರದೂ ಇಲ್ಲ. ಮೇಷ್ಟ್ರೂ ಒಪ್ಪಿಕೊಂಡರು, ಸ್ವಲ್ಪ ತಡವಾಗಿ.

ಬೇರಿಂಗಿನ ಸಂದಿ ನೋಡಲು ಪ್ಲಾಸ್ಟಿಗೇಜ್ ಬಳಸಿದೆವು. ಮೆತ್ತನೆಯ ಪ್ಲಾಸ್ಟಿಕ್ ದಾರದ ಚೂರನ್ನು ಜರ್ನಲ್ ಮೇಲೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಬಿಗಿದು, ಬಿಚ್ಚಿ, ದಾರ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಪಟ್ಟಿಯ ಜೊತೆ ಹೋಲಿಸುವುದು. ನಡುವೆ ಕ್ರ್ಯಾಂಕ್ ಒಂಚೂರೂ ತಿರುಗಬಾರದು. ಇಲ್ಲೂ ಒಂದು ಹಳೆಯ ಲೆಕ್ಕ ಇದೆ, ಜರ್ನಲ್ ದಪ್ಪದ ಸಾವಿರದಲ್ಲಿ ಒಂದು ಪಾಲು. 42 ಮಿ.ಮೀ. ರಾಡ್ ಜರ್ನಲ್ಲಿಗೆ 0.042. ನಮ್ಮ ನಾಲ್ಕೂ ಅದರ ಆಚೀಚೆಯಲ್ಲೇ ಬಂದವು. ಮೈಕ್ರೊಮೀಟರಿನ ಲೆಕ್ಕವೂ ಅದಕ್ಕೆ ಕೂಡಿಬಂತು. ಜಗಳ ಇಲ್ಲದ ದಿನ ಅದೊಂದೇ ಇರಬೇಕು.

ಹೆಡ್ ಬಗ್ಗೆ ಹೇಳಿದರೆ ಮುಗಿಯುವುದಿಲ್ಲ, ಸ್ವಲ್ಪದರಲ್ಲೇ ಹೇಳುತ್ತೇನೆ. ವಾಲ್ವ್‌ಗಳನ್ನು ಪೇಸ್ಟ್ ಹಾಕಿ ಲ್ಯಾಪ್ ಮಾಡಿ (ಉಜ್ಜಿ ಹೊಂದಿಸಿ), ಅವು ಕೂರುವ ಸೀಟಿನ ಮೇಲೆ ಸುತ್ತಲೂ ಮುರಿಯದ ಬೂದು ಉಂಗುರ ಬರುವವರೆಗೆ ತಿರುಗಿಸಿದೆವು. ಹದಿನಾರು ವಾಲ್ವ್. ಅಂಗೈ ಚರ್ಮ ಎದ್ದಿತು. ಆಮೇಲೆ ಮೇಷ್ಟ್ರು ಪ್ರಯೋಗಾಲಯದ ಬ್ಯುರೆಟ್ ತಂದರು. ಹೆಡ್ಡನ್ನು ಮಗುಚಿ, ಇಂಧನ ಉರಿಯುವ ಒಂದೊಂದು ಚೇಂಬರಿನ ಮೇಲೂ ತೂತಿರುವ ಅಕ್ರಿಲಿಕ್ ಹಲಗೆ ಗ್ರೀಸ್ ಹಚ್ಚಿ ಕೂರಿಸಿ, ಬಣ್ಣದ ನೀರು ಬಿಟ್ಟು, ಎಷ್ಟು ಹಿಡಿಯುತ್ತದೆ ಅಂತ ನೋಡುವುದು. ನಾಲ್ಕೂ ಒಂದೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಚೇಂಬರಿನ ಸಮಕ್ಕೆ ಉಳಿದವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ತಂದು, ಹೆಡ್ ಸ್ಕಿಮ್ ಮಾಡಿಸಿದ (ತಳವನ್ನು ತೆಳುವಾಗಿ ಕೆತ್ತಿಸಿದ) ಮೇಲೆ ಪ್ರತಿಯೊಂದೂ 28.2 ಸಿಸಿ ಆಯಿತು. ಗ್ಯಾಸ್ಕೆಟ್ ದಪ್ಪದ ಜಾಗ 5.4, ಪಿಸ್ಟನ್ ತಲೆಯದು 1. ಒಟ್ಟು 34.6. ಒಂದು ಸಿಲಿಂಡರಿಗೆ 329 ಸಿಸಿ. ಕಂಪ್ರೆಶನ್, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗಕ್ಕೂ ಮೇಲಿದ್ದಾಗಿನ ಜಾಗಕ್ಕೂ ಇರುವ ಅನುಪಾತ, 10.5ಕ್ಕೆ 1 ಬಂತು. ಒಂದೇ ಒಂದು ಸಿಸಿ ಹೆಚ್ಚುಕಡಿಮೆಯಾದರೆ ಕಾಲು ಪಾಯಿಂಟ್ ಏರುಪೇರಾಗುತ್ತದೆ. ಒಂದು ಸಿಸಿ ಅಂದರೆ ಇಪ್ಪತ್ತು ಹನಿ ನೀರು.

ಹೆಡ್ ಸ್ಕಿಮ್ ಮಾಡಿದರೆ ಇನ್ನೆರಡು ತಲೆನೋವು ಜೊತೆಗೇ ಬರುತ್ತವೆ. ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ, ಬೆಲ್ಟ್ ಎಳೆತದಲ್ಲಿ ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. ಮೊದಲನೆಯದಕ್ಕೆ ಮಕ್ಕಳು ಆಡುವ ಬಣ್ಣದ ಮಣ್ಣನ್ನು ಪಿಸ್ಟನ್ ಮೇಲೆ ಅಂಟಿಸಿ, ಹೆಡ್ ಹಾಕಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಮಣ್ಣು ಎಷ್ಟು ದಪ್ಪ ಉಳಿದಿದೆ ಅಂತ ನೋಡಿದೆವು. ಇನ್‌ಲೆಟ್ಟಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಇದ್ದರೆ ನಿಶ್ಚಿಂತೆ. ನಮಗೆ ಅದಕ್ಕಿಂತ ಹೆಚ್ಚೇ ಇತ್ತು. ಎರಡನೆಯದಕ್ಕೆ, ಕ್ಯಾಮನ್ನು ಮತ್ತೆ ಸರಿಯಾದ ಕೋನಕ್ಕೆ ತರಲು, ಡಿಗ್ರಿ ವ್ಹೀಲ್, ಡಯಲ್ ಗೇಜ್, ಹೊಂದಿಸಿಕೊಳ್ಳಬಹುದಾದ ಪುಲ್ಲಿ.

ಕೊನೆಗೂ ಬಿಗಿಯುವ ಮಧ್ಯಾಹ್ನ ಬಂತು. ರಾಡ್ ಬೋಲ್ಟ್ ಎಲ್ಲ ಹೊಸದು, ಅದರಲ್ಲಿ ಚೌಕಾಸಿಯೇ ಇಲ್ಲ. 7000ದಲ್ಲಿ ಪಿಸ್ಟನ್ ಮೇಲಕ್ಕೆ ಹೋಗಿ ನಿಂತು ದಿಕ್ಕು ಬದಲಿಸುವ ಆ ಗಳಿಗೆಯಲ್ಲಿ ಅದರ ಮೇಲಿನ ಎಳೆತ ಅದರ ತೂಕದ 2500 ಪಟ್ಟಿಗೂ ಹೆಚ್ಚು. ಕಾಲು ಕಿಲೋ ಪಿಸ್ಟನ್ ಆರುನೂರು ಕಿಲೋ ಮೀರಿ ಎಳೆಯುತ್ತದೆ. ಅದನ್ನು ತಡೆದು ವಾಪಸ್ ಕರೆತರುವುದು ಎರಡು ಸಣ್ಣ ಬೋಲ್ಟು. ಟಾರ್ಕ್ ರೆಂಚಿನ ಅಂಕಿಯನ್ನೂ ಪೂರ್ತಿ ನಂಬಬಾರದು. ನಾವು ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಥ್ರೆಡ್ಡಿನ ಮತ್ತು ಬೋಲ್ಟ್ ತಲೆಯಡಿಯ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯುವುದು ಉಳಿದ ಹತ್ತು ಪಾಲು. ಅದಕ್ಕೇ ಥ್ರೆಡ್ಡಿಗೆ ಯಾವ ಆಯಿಲ್ ಹಚ್ಚಿದೆ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ. ನಮ್ಮ ಪದ್ಧತಿ ಹೀಗಿತ್ತು: ನಾನು ಪುಸ್ತಕ ನೋಡಿ ಅಂಕಿ ಕೂಗುತ್ತೇನೆ, ಗುಂಡ ಬಿಗಿಯುತ್ತಾನೆ, ಮೇಷ್ಟ್ರು ಬೋಲ್ಟಿನ ತಲೆಗೆ ಬಣ್ಣದ ಗೆರೆ ಎಳೆಯುತ್ತಾರೆ. ಗೆರೆ ಇಲ್ಲದ ಬೋಲ್ಟ್ ಬಿಗಿದಿಲ್ಲ ಅಂತಲೇ ಲೆಕ್ಕ. ಹೆಡ್ ಬೋಲ್ಟ್ ನಡುವಿನಿಂದ ಶುರುಮಾಡಿ ಹೊರಕ್ಕೆ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ.

ಅಷ್ಟರಲ್ಲಿ ಗುಂಡ ಸಂಪಿನೊಳಗೆ ತಗಡಿನ ಗೋಡೆಗಳನ್ನು ವೆಲ್ಡ್ ಮಾಡಿ, ಪಂಪಿನ ಬಾಯಿಯ ಸುತ್ತ ಒಂದು ಕೋಣೆ ಕಟ್ಟಿದ್ದ. ಅದಕ್ಕೆ ನಾಲ್ಕು ಸಣ್ಣ ಬಾಗಿಲು, ಒಳಕ್ಕೆ ಮಾತ್ರ ತೆರೆಯುವಂಥವು. ಆಯಿಲ್ ಒಳಗೆ ಬರಬಹುದು, ತಿರುವಿನಲ್ಲಿ ಹೊರಗೆ ಓಡುವ ಹಾಗಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಇಂಜಿನ್ನಿನಲ್ಲಿ ಅತಿ ಮುಖ್ಯವಾದ ಕೆಲಸ ಇದು. ಇದಿಲ್ಲದೆ ಉಳಿದದ್ದನ್ನೆಲ್ಲ ಮಾಡಿದ್ದರೆ ಅದೇ ತಿರುವಿನಲ್ಲಿ ಅದೇ ಮೂರನೇ ಬೇರಿಂಗ್ ಮತ್ತೆ ಹೋಗುತ್ತಿತ್ತು.

ಸ್ಟಾರ್ಟ್ ಮಾಡುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ನಿಲ್ಲಿಸಿ, ಗೇಜಿನಲ್ಲಿ ಆಯಿಲ್ ಪ್ರೆಶರ್ ಕಾಣುವವರೆಗೆ ಬರೀ ಸ್ಟಾರ್ಟರಿನಿಂದ ತಿರುಗಿಸಿದೆವು. ಆಮೇಲೆ ಪ್ಲಗ್ ಹಾಕಿ ಕೀ ತಿರುಗಿಸಿದರೆ, ಹತ್ತಿಕೊಂಡಿತು. ಅಸೆಂಬ್ಲಿ ಗ್ರೀಸಿನ ಹೊಗೆ ತುಂಬಿತು. ಗುಂಡ ಕಣ್ಣು ಮುಚ್ಚಿ ಕೇಳುತ್ತಾ ನಿಂತ. ಮೇಷ್ಟ್ರ ಕಣ್ಣು ಗೇಜಿನ ಮೇಲೆ.

ಹೊಸ ಇಂಜಿನ್ನನ್ನು ನಿಧಾನಕ್ಕೆ, ಮೆತ್ತಗೆ ಓಡಿಸಬೇಕು ಅನ್ನುವ ಮಾತು ಎಲ್ಲ ಕಡೆ ಇದೆ. ರಿಂಗುಗಳ ವಿಷಯದಲ್ಲಿ ಇದು ಉಲ್ಟಾ. ರಿಂಗನ್ನು ಸಿಲಿಂಡರಿಗೆ ಒತ್ತಿ ಹಿಡಿಯುವುದು ಅದರ ಸ್ಪ್ರಿಂಗ್ ಗುಣಕ್ಕಿಂತ ಹೆಚ್ಚಾಗಿ ಅದರ ಹಿಂದೆ ಹೋಗಿ ಕೂರುವ ಗ್ಯಾಸಿನ ಒತ್ತಡ. ಗಾಡಿ ನಿಂತಲ್ಲೇ ಐಡಲ್ ಓಡಿಸಿದರೆ ಒತ್ತಡವೇ ಇರುವುದಿಲ್ಲ. ಹೋನಿಂಗ್ ಗೀರಿನ ಮೊನೆಗಳು ರಿಂಗಿಗೆ ಹೊಂದಿಕೊಳ್ಳದೆ ಹಾಗೇ ಮೊಂಡಾಗಿ ನುಣುಪಾಗುತ್ತವೆ. ಹಾಗಾಗಿ ನೀರು, ಆಯಿಲ್ ಬಿಸಿಯಾದ ಕೂಡಲೇ ಟ್ರ್ಯಾಕಿಗೆ ಇಳಿಸಿ, ಮಧ್ಯಮ ಆರ್‌ಪಿಎಂನಲ್ಲಿ ಥ್ರಾಟಲ್ ಒತ್ತುವುದು, ಬಿಡುವುದು, ಗೇರಿನಲ್ಲೇ ಇಳಿಯಲು ಬಿಡುವುದು. ಹಾಕಿದ್ದು ಬರೀ ಮಿನರಲ್ ಆಯಿಲ್. ಸ್ವಲ್ಪ ಓಡಿಸಿ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ನೋಡಿದೆವು. ಹೊಸ ಇಂಜಿನ್ನಿಗೆ ಇರಬೇಕಾದಷ್ಟು ನಯವಾದ ಬೂದು ಪುಡಿ ಇತ್ತು. ತಾಮ್ರ ಇರಲಿಲ್ಲ.

ಆ ಉದ್ದನೆಯ ತಿರುವಿನಲ್ಲಿ ಲ್ಯಾಂಪ್ ಹತ್ತುತ್ತಿಲ್ಲ. ಗೇಜಿನ ಮುಳ್ಳು ಅಲ್ಲಾಡುವುದೂ ಇಲ್ಲ.

ಈಗ ಹೊಸ ಜಗಳ ಒಂದಿದೆ. ಮೊನ್ನೆ ಲೀಕ್‌ಡೌನ್ ಟೆಸ್ಟ್ ಮಾಡಿದೆವು. ಪಿಸ್ಟನ್ನನ್ನು ಮೇಲ್ತುದಿಗೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ನೂರಕ್ಕೆ ಎಷ್ಟು ಸೋರುತ್ತದೆ ಅಂತ ನೋಡುವುದು. ಮೊದಲ ಮೂರು ಸಿಲಿಂಡರಿನಲ್ಲಿ 4, 5, 4. ನಾಲ್ಕನೇದರಲ್ಲಿ 9. ಆಯಿಲ್ ತುಂಬುವ ಬಾಯಿಯಲ್ಲಿ ಸದ್ದಿಲ್ಲ, ಅಂದರೆ ರಿಂಗ್ ಸರಿ ಇದೆ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಗ್ಯಾಸ್ಕೆಟ್ ಸರಿ ಇದೆ. ಸೈಲೆನ್ಸರಿಗೆ ಕಿವಿಯಿಟ್ಟರೆ ಸುಯ್ ಅನ್ನುತ್ತದೆ. ಎಕ್ಸಾಸ್ಟ್ ವಾಲ್ವ್.

ಹೆಡ್ ಬಿಚ್ಚಿ ಮತ್ತೆ ಲ್ಯಾಪ್ ಮಾಡೋಣ ಅಂತ ಮೇಷ್ಟ್ರು. ಓಡಿಸಿದರೆ ಅದೇ ಕೂತುಕೊಳ್ಳುತ್ತದೆ, ಸುಮ್ನೆ ಒಳ್ಳೆ ಗ್ಯಾಸ್ಕೆಟ್ ಹಾಳು ಮಾಡಬೇಡಿ ಅಂತ ಗುಂಡ. ನನ್ನ ವೋಟು ಈ ಸಲ ಗುಂಡನಿಗೆ ಹೋಯಿತು. ಮುಂದಿನ ರೇಸ್ ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡುವುದು, ಹತ್ತು ದಾಟಿದ್ದರೆ ಹೆಡ್ ಬಿಚ್ಚುವುದು ಅಂತ ಒಪ್ಪಂದ. ಟೆಸ್ಟ್ ಬೆಳಗ್ಗೆಯೇ ಆಗಬೇಕು, ಅಳೆಯುವುದು ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರು ನೋಡುವ ಹಾಗಿಲ್ಲ ಅಂತ ಮೇಷ್ಟ್ರು ಅದಕ್ಕೆ ಮೂರು ಷರತ್ತು ಸೇರಿಸಿದ್ದಾರೆ.